ದಸ್ತಗಿರಿ: ಕೈ ಬಿದ್ದ ಗಳಿಗೆಯ ಲೆಕ್ಕ

ಬಂಧನಕ್ಕೆ ನಮ್ಮ ಪೊಲೀಸ್ ಕಡತಗಳಲ್ಲಿ ಇಂದಿಗೂ ‘ದಸ್ತಗಿರಿ’ ಎಂದೇ ಬರೆಯುತ್ತಾರೆ. ಪಾರಸಿಯಲ್ಲಿ ‘ದಸ್ತ್’ ಎಂದರೆ ಕೈ. ದಸ್ತಗಿರಿ ಎಂದರೆ ಕೈಹಿಡಿಯುವುದು. ಕಷ್ಟದಲ್ಲಿರುವವರನ್ನು ಕೈಹಿಡಿದು ಕಾಪಾಡುವುದು ಎಂಬ ಅರ್ಥವೂ ಆ ಪದಕ್ಕಿರುವುದರಿಂದಲೇ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ದಸ್ತಗಿರಿ ಎಂಬ ಹೆಸರಿನವರೂ ಇದ್ದಾರೆ. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳಗಳಿಗೆ ಇಂಥ ಮಾತು ಹೊಸದಲ್ಲ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲೂ ಇದೇ ಪದ ನಡೆಯುತ್ತದೆ.

ಕಾನೂನಿನ ವಿವರಣೆಯೂ ಈ ಮೂಲಾರ್ಥಕ್ಕೆ ಬಹಳ ಹತ್ತಿರವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮಿನಂತೆ, ವ್ಯಕ್ತಿಯು ಮಾತಿನಿಂದಲೋ ನಡೆಯಿಂದಲೋ ತಾನಾಗಿ ಒಪ್ಪಿಸಿಕೊಳ್ಳದಿದ್ದರೆ ಅಧಿಕಾರಿಯು ಅವನ ಮೈಮುಟ್ಟಿ ಅಥವಾ ತಡೆದು ನಿಲ್ಲಿಸಿ ಬಂಧಿಸಬೇಕು. ಮಹಿಳೆಯ ವಿಷಯದಲ್ಲಿ ಬಾಯಿಮಾತಿನಲ್ಲಿ ತಿಳಿಸಿದರೆ ಸಾಕು, ಒಪ್ಪಿಸಿಕೊಂಡಳೆಂದೇ ಭಾವಿಸಲಾಗುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಆಕೆಯನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಸಲ್ಲಿಸಿ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಮೊದಲೇ ಪಡೆದು ಬಂಧಿಸಬೇಕು.

ದೂರು ದಾಖಲಾದ ಮಾತ್ರಕ್ಕೆ ಬಂಧಿಸಲೇಬೇಕೆಂಬ ನಿಯಮವಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯವೆಂದು ಅಧಿಕಾರಿಯು ಕಾರಣ ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ಹಾಜರಾಗುವಂತೆ ನೋಟಿಸ್ ಕೊಡಬೇಕು. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ಆರೋಪಿ ಅಶಕ್ತನೋ ಅರವತ್ತು ದಾಟಿದವನೋ ಆಗಿದ್ದರೆ ಡಿವೈಎಸ್‌ಪಿ ಅಥವಾ ಮೇಲಿನ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಬೇಕು.

ಸಿಂಧನೂರಿನ ಚಹಾದಂಗಡಿಯಲ್ಲಿ ಕುಳಿತಿದ್ದವನೊಬ್ಬನನ್ನು ಬಂಧಿಸುತ್ತಾರೆಂದು ಇಟ್ಟುಕೊಳ್ಳೋಣ. ಬಂದ ಅಧಿಕಾರಿಯ ಎದೆಯ ಮೇಲಿನ ಹೆಸರು ಓದಲು ಬರುವಷ್ಟು ಸ್ಪಷ್ಟವಾಗಿರಬೇಕು. ದಿನಾಂಕ, ವೇಳೆ ನಮೂದಿಸಿದ ದಸ್ತಗಿರಿ ಮೆಮೊಗೆ ಮನೆಯವರಲ್ಲೊಬ್ಬರು ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನೂ ರುಜು ಮಾಡಬೇಕು, ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಿಂದ ಗಟ್ಟಿಗೊಂಡ ಪದ್ಧತಿಯಿದು. ಬಂಧನದ ವಿಷಯವನ್ನು ಅವನ ಕಡೆಯವರಿಗೆ ಮುಟ್ಟಿಸಬೇಕು. ಬಂಧನದ ಕಾರಣಗಳನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು ಮನೆಮಾತಾಗಿರುವ ನಮ್ಮ ಕಡೆ ಈ ಮಾತಿಗೆ ಹೆಚ್ಚಿನ ತೂಕವಿದೆ ಎಂದು ನನಗನ್ನಿಸುತ್ತದೆ. ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನಿಗೆ ಕಾರಣ ತಿಳಿಸಿದಂತಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆಯಿರುವುದು ಇಪ್ಪತ್ನಾಲ್ಕು ಗಂಟೆಯ ಲೆಕ್ಕದ ಬಗ್ಗೆ. ಸಂವಿಧಾನದ 22ನೆಯ ಅನುಚ್ಛೇದದ ಪ್ರಕಾರ, ಪ್ರಯಾಣದ ವೇಳೆಯನ್ನು ಬಿಟ್ಟು, ಅಷ್ಟರೊಳಗೆ ಬಂಧಿತನನ್ನು ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ‘ಸುಮ್ನ ವಿಚಾರಿಸಿ ಕಳಸ್ತೀವಿ’ ಎಂದು ಕರೆದೊಯ್ದು ಎರಡು ರಾತ್ರಿ ಠಾಣೆಯ ಬೆಂಚಿನ ಮೇಲೆ ಕೂರಿಸಿ, ಮೂರನೆಯ ದಿನ ಬೆಳಿಗ್ಗೆ ದಸ್ತಗಿರಿ ಎಂದು ಬರೆದರೆ, ಆ ಬರಹದ ವೇಳೆಯಿಂದ ಗಡುವು ಶುರುವಾಗುವುದಿಲ್ಲ. ಎದ್ದು ಹೋಗುವ ಸ್ವಾತಂತ್ರ್ಯ ಕಿತ್ತುಕೊಂಡ ಗಳಿಗೆಯೇ ಬಂಧನದ ಗಳಿಗೆ, ಅದಕ್ಕೆ ಕೊಟ್ಟ ಹೆಸರು ಮುಖ್ಯವಲ್ಲ ಎಂದು ಹೈಕೋರ್ಟುಗಳು ಹೇಳಿವೆ. ಆದುದರಿಂದ ಯಾರನ್ನಾದರೂ ಕರೆದೊಯ್ದಾಗ ಮನೆಯವರು ವೇಳೆ, ಸ್ಥಳ, ಕಂಡವರ ಹೆಸರುಗಳನ್ನು ಕೂಡಲೇ ಬರೆದಿಟ್ಟುಕೊಳ್ಳಬೇಕು. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರ ನೆರವು ಹಕ್ಕಿನಿಂದಲೇ ದೊರೆಯುತ್ತದೆ, 15100 ಸಹಾಯವಾಣಿಯೂ ಇದೆ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ, ತನ್ನನ್ನು ಹಿಡಿದದ್ದು ಯಾವಾಗ, ಎಲ್ಲಿ ಎಂಬುದನ್ನು ಬಂಧಿತನು ತನ್ನ ಬಾಯಿಂದಲೇ ಹೇಳಿ ದಾಖಲಿಸಿಕೊಳ್ಳುವಂತೆ ಕೇಳಬಹುದು.