ನೆನಪಿರುವುದು ಬೆರಳಿಗಲ್ಲ

ಹದಿಹರೆಯದಲ್ಲಿ ವರ್ಣವೆಂಬ ಸಂಗೀತರಚನೆಯ ಹಂತದವರೆಗೆ ವೀಣೆ ಕಲಿತು, ನೌಕರಿ, ಸಂಸಾರಗಳ ನಡುವೆ ಅದಕ್ಕೆ ಗವಸು ಹಾಕಿ ಮೂಲೆಗಿಟ್ಟವರು ಅರವತ್ತರ ಹೊತ್ತಿಗೆ ಮತ್ತೆ ತಂತಿ ಮುಟ್ಟಲು ಅಂಜುತ್ತಾರೆ. ಬಿಟ್ಟ ವಿದ್ಯೆಗೆ ಸರಸ್ವತಿ ಮುನಿಯುತ್ತಾಳೆಂಬ ಭಯ ಕೆಲವರದು. ವಯಸ್ಸಾದ ಮಿದುಳಿಗೆ ಏನೂ ಹತ್ತುವುದಿಲ್ಲವೆಂಬ ನಂಬಿಕೆ ಹಲವರದು. ಎರಡನೆಯದು ವಿಜ್ಞಾನದ ವೇಷ ತೊಟ್ಟಿರುವುದರಿಂದ ನನಗೆ ಅದರ ಮೇಲೆಯೇ ಹೆಚ್ಚು ಸಿಟ್ಟು.

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿತಾಯವಾಯಿತೆಂದು ಲೆಕ್ಕ ಹಾಕಿ, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದರು. ಪೂರ್ತಿ ಅಳಿದಂತೆ ತೋರುವ ಕಲಿಕೆಯೂ ಮರುಕಲಿಕೆಯ ವೇಗದಲ್ಲಿ ತನ್ನ ಇರವನ್ನು ತೋರಿಸಿಕೊಡಬಲ್ಲದು. ಕೈಚಳಕದ ನೆನಪಂತೂ ಘಟನೆಗಳ ನೆನಪಿಗಿಂತ ಬೇರೆಯೇ ದಾರಿಯದು. ಅಪಸ್ಮಾರದ ಚಿಕಿತ್ಸೆಗಾಗಿ 1953ರಲ್ಲಿ, ಘಟನೆಗಳ ನೆನಪು ಮೂಡಲು ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್‌ಗೆ, ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಎಳೆಯುವುದನ್ನು ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅಭ್ಯಾಸ ಮಾಡಿಸಿದರು. ಹಿಂದಿನ ದಿನದ ಅಭ್ಯಾಸವೇ ಅವರಿಗೆ ನೆನಪಿರಲಿಲ್ಲ, ಆದರೂ ಗೆರೆ ದಿನದಿಂದ ದಿನಕ್ಕೆ ನೇರವಾಯಿತು. ಮಿದುಳಿನ ಹಿಂಬದಿಯ ಅನುಮಸ್ತಿಷ್ಕ ಮತ್ತು ಮಿದುಳಿನ ಆಳದ ನರಗಂಟುಗಳು ಇಂಥ ಕಲಿಕೆಯನ್ನು ನೋಡಿಕೊಳ್ಳುತ್ತವೆ. ಬೆರಳಿನ ಸ್ನಾಯುವಿಗೆ ಮೋಹನ ರಾಗವೂ ಗೊತ್ತಿಲ್ಲ, ಕಲ್ಯಾಣಿಯೂ ಗೊತ್ತಿಲ್ಲ.

ಮಿದುಳಿನಲ್ಲಿ ಉಳಿಯುವುದಾದರೂ ಏನು? ನರಕೋಶದ ಕವಲುಗಳ ಮೇಲೆ ಮುಳ್ಳಿನಂಥ ಅತಿಸಣ್ಣ ಚಾಚುಗಳಿದ್ದು, ಕೋಶಗಳ ಸಂಪರ್ಕ ಬಹುಮಟ್ಟಿಗೆ ಅವುಗಳ ತುದಿಯಲ್ಲಿ ನಡೆಯುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಯಸ್ಕ ಇಲಿಯ ಒಂದು ಕಣ್ಣನ್ನು ಕೆಲವು ದಿನ ಮುಚ್ಚಿದಾಗ ಅದರ ಮಿದುಳಿನಲ್ಲಿ ಹೊಸ ಚಾಚುಗಳು ಮೂಡಿದವು. ಕಣ್ಣು ತೆರೆದು ದೃಷ್ಟಿವ್ಯವಸ್ಥೆ ಮೊದಲಿನಂತಾದ ಮೇಲೂ ಅವುಗಳಲ್ಲಿ ಬಹುಪಾಲು ಅಳಿಯಲಿಲ್ಲ. ಎರಡನೆಯ ಸಲ ಅದೇ ಕಣ್ಣನ್ನು ಮುಚ್ಚಿದಾಗ ಹೊಸವು ಹೆಚ್ಚಾಗಿ ಮೂಡಲೇ ಇಲ್ಲ, ಹೊಂದಾಣಿಕೆ ಮಾತ್ರ ಬೇಗ ಆಯಿತು. ರಂಗೋಲಿಯ ಗೆರೆ ಅಳಿಸಿದರೂ ಚುಕ್ಕಿಗಳು ಉಳಿದಂತೆ. ಇದು ಇಲಿಯ ಕಣ್ಣಿನ ವಿಚಾರ, ವೈಣಿಕರ ಕೈಯದಲ್ಲ ಎಂಬ ಎಚ್ಚರ ಇರಲಿ. ಆದರೂ ಮರುಕಲಿಕೆಯ ವೇಗಕ್ಕೆ ಇದಕ್ಕಿಂತ ಸೊಗಸಾದ ವಿವರಣೆಯನ್ನು ನಾನು ಕಂಡಿಲ್ಲ.

ಚುಕ್ಕಿಗಳ ಜೊತೆ ಹಳೆಯ ತಪ್ಪುಗಳೂ ಉಳಿದಿರುತ್ತವೆ. ಅಂದು ಗುರುಗಳು ಎಷ್ಟು ತಿದ್ದಿದರೂ ಹೋಗದ ತಪ್ಪು ಮೀಟು ಇಂದು ಮೊದಲು ಮರಳುವ ಅತಿಥಿಯಾಗಬಹುದು. ಆದ್ದರಿಂದ ಆರಂಭದ ಸ್ವರಪಾಠವಾದ ಸರಳೆ ವರಸೆಯಿಂದಲೇ, ನಿಧಾನ ಲಯದಲ್ಲಿ ಆರಂಭಿಸುವುದು ಕ್ಷೇಮ.

ದೇಹದ ಲೆಕ್ಕ ಬೇರೆ. ನುಡಿಸುವುದನ್ನು ಬಿಟ್ಟ ಕೆಲವೇ ವಾರಗಳಲ್ಲಿ ಬೆರಳ ತುದಿಯ ಜಡ್ಡು ಕರಗುತ್ತದೆ. ವಯಸ್ಸಿನೊಂದಿಗೆ ಸ್ನಾಯುರಜ್ಜು ಬಿಗಿಯಾಗಿ, ಗಾಯವಾದರೆ ನಿಧಾನವಾಗಿ ಮಾಯುತ್ತದೆ. ವೀಣೆಯ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆಳೆದು, ಸ್ವರವನ್ನು ಓಲಾಡಿಸುವ ಗಮಕ ಹುಟ್ಟಿಸಲು ಮಿದುಳು ಸಿದ್ಧವಾದ ದಿನ ಎಡಗೈ ಸಿದ್ಧವಾಗಿರುವುದಿಲ್ಲ. ಮೊದಲ ತಿಂಗಳು ದಿನಕ್ಕೆ ಎರಡು ಸಲ ಹತ್ತು ಹದಿನೈದು ನಿಮಿಷ ನುಡಿಸಿ, ನೋವು ಕಂಡ ಕೂಡಲೇ ವೀಣೆ ಕೆಳಗಿಟ್ಟರೆ ಸಾಕು.