ಗೊನೊರಿಯಾ ಪತ್ತೆ: ಕಂದು ತಟ್ಟೆಯಿಂದ ಡಿಎನ್‌ಎವರೆಗೆ

ಚಾಕೊಲೇಟ್ ಅಗರ್ ಅಂತ ಒಂದಿದೆ. ಹೆಸರು ಕೇಳಿ ಬಾಯಲ್ಲಿ ನೀರೂರಿಸಿಕೊಳ್ಳಬೇಡಿ. ಅದರಲ್ಲಿರುವುದು ಕಾಯಿಸಿದ ರಕ್ತ. ಬಿಸಿಗೆ ರಕ್ತಕಣಗಳು ಒಡೆದು ತಟ್ಟೆ ಕಂದುಬಣ್ಣಕ್ಕೆ ತಿರುಗುತ್ತದೆ, ಅದಕ್ಕೇ ಆ ಹೆಸರು. ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ ರೋಗದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಲು ಇಂಥದ್ದೇ ಊಟ ಹಾಕಬೇಕು.

ಈ ಬ್ಯಾಕ್ಟೀರಿಯಾ ಮೊದಲು ಕಣ್ಣಿಗೆ ಬಿದ್ದದ್ದು 1879ರಲ್ಲಿ. 24 ವರ್ಷದ ಜರ್ಮನ್ ವೈದ್ಯ ಆಲ್ಬರ್ಟ್ ನೈಸರ್ ರೋಗಿಗಳ ಕೀವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ. ಜೋಡಿ ಜೋಡಿಯಾಗಿ, ಕಾಫಿ ಬೀಜದ ಹಾಗೆ ಅಂಟಿಕೊಂಡ ಚುಕ್ಕೆಗಳು. 1884ರಲ್ಲಿ ಗ್ರಾಮ್ ಬಣ್ಣ, ಅಂದರೆ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಚ್ಚಿ ನೋಡುವ ವಿಧಾನ, ಬಂದ ಮೇಲೆ ಗುರುತು ಹಿಡಿಯುವುದು ಸುಲಭವಾಯಿತು. ಕೀವು ಸೋರುವ ಗಂಡಸರಲ್ಲಿ ಈ ಪರೀಕ್ಷೆ ನೂರಕ್ಕೆ 95ರಷ್ಟು ಸಲ ರೋಗ ಹಿಡಿಯುತ್ತದೆ. ಹೆಂಗಸರಲ್ಲಿ ಮಾತ್ರ ಸುಮಾರು ಅರ್ಧದಷ್ಟು ಕೈತಪ್ಪುತ್ತವೆ. ಅವರಲ್ಲಿ ಎಷ್ಟೋ ಮಂದಿಗೆ ಲಕ್ಷಣವೇ ಇರುವುದಿಲ್ಲ, ಸೋಂಕು ಸದ್ದಿಲ್ಲದೆ ಗರ್ಭನಾಳಕ್ಕೆ ಏರಬಹುದು.

ರಕ್ತಪರೀಕ್ಷೆಯನ್ನೂ 1906ರಿಂದ ಪ್ರಯತ್ನಿಸಿದರು. ಹಳೆಯ ಸೋಂಕೋ ಹೊಸದೋ ಅಂತ ಅದಕ್ಕೆ ಹೇಳಲಾಗಲಿಲ್ಲ. ಉಳಿದದ್ದು ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವುದು. ಆದರೆ ಈ ಬ್ಯಾಕ್ಟೀರಿಯಾ ಭಾರಿ ನಾಜೂಕು. ಒಣಗಿದರೆ ಸಾಯುತ್ತದೆ, ತಣ್ಣಗಾದರೂ ಕಷ್ಟ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬೇಕು. ಅದಕ್ಕೆ ಲ್ಯಾಬಿನವರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ: ತಟ್ಟೆಗಳನ್ನು ಜಾಡಿಯಲ್ಲಿಟ್ಟು, ಪಕ್ಕದಲ್ಲೊಂದು ಮೇಣದಬತ್ತಿ ಹಚ್ಚಿ, ಮುಚ್ಚಳ ಮುಚ್ಚುವುದು. ಬತ್ತಿ ತಾನಾಗಿ ಆರುವ ಹೊತ್ತಿಗೆ ಒಳಗಿನ ಗಾಳಿ ತಯಾರು! 1964ರಲ್ಲಿ ಥೇಯರ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ತಟ್ಟೆಗೆ ಆಂಟಿಬಯಾಟಿಕ್ ಬೆರೆಸಿ, ಬೇರೆ ಸೂಕ್ಷ್ಮಜೀವಿಗಳು ಬೆಳೆಯದ ಹಾಗೆ ಮಾಡಿದರು. ಆದರೂ ಫಲಿತಾಂಶಕ್ಕೆ ಎರಡು ಮೂರು ದಿನ ಕಾಯಬೇಕಿತ್ತು.

1990ರ ದಶಕದಲ್ಲಿ ನ್ಯಾಟ್ ಬಂತು. ಬ್ಯಾಕ್ಟೀರಿಯಾದ ಡಿಎನ್‌ಎ ಅಥವಾ ಆರ್‌ಎನ್‌ಎ ತುಣುಕನ್ನೇ ಲಕ್ಷಗಟ್ಟಲೆ ನಕಲು ಮಾಡಿ ಹುಡುಕುವ ಪರೀಕ್ಷೆ ಇದು. ಬ್ಯಾಕ್ಟೀರಿಯಾ ಬದುಕಿರಲೇಬೇಕೆಂದಿಲ್ಲ. ಗಂಡಸರಿಗೆ ಮೊದಲ ಧಾರೆಯ ಮೂತ್ರ ಸಾಕು, ಹೆಂಗಸರು ಸ್ವ್ಯಾಬನ್ನು ತಾವೇ ತೆಗೆದುಕೊಳ್ಳಬಹುದು. ಮುಜುಗರ ಎಷ್ಟು ಕಡಿಮೆ ಆಯಿತು, ಅಲ್ವಾ? ತೊಂದರೆಯೂ ಇದೆ. ಔಷಧಿ ಮುಗಿದ ಮೇಲೂ ಕೆಲವು ದಿನ ಸತ್ತವುಗಳ ಡಿಎನ್‌ಎ ಸಿಕ್ಕಿ ‘ಪಾಸಿಟಿವ್’ ಬರಬಹುದು. ಗಂಟಲಲ್ಲಿ ಇದರ ನಿರುಪದ್ರವಿ ದಾಯಾದಿಗಳಿರುವುದರಿಂದ ಕೆಲವು ಪರೀಕ್ಷೆಗಳು ಗೊಂದಲಕ್ಕೆ ಬೀಳುತ್ತವೆ. ಗಂಟಲು, ಗುದದ್ವಾರದ ಸ್ಯಾಂಪಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದೇ 2019ರಲ್ಲಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಪೆನಿಸಿಲಿನ್ ಸೇರಿ ಒಂದೊಂದೇ ಔಷಧಿಯನ್ನು ಈ ಬ್ಯಾಕ್ಟೀರಿಯಾ ಅರಗಿಸಿಕೊಂಡಿದೆ. ಈಗ ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದನ್ನು ಮಾಮೂಲಿ ನ್ಯಾಟ್ ಹೇಳುವುದಿಲ್ಲ. ಹಾಗಾಗಿ ಚಿಕಿತ್ಸೆ ನಾಟದ ರೋಗಿಯ ಸ್ಯಾಂಪಲ್ ಇವತ್ತಿಗೂ ಕಲ್ಚರ್‌ಗೆ ಹೋಗುತ್ತದೆ. ಬೆಳೆದ ಬ್ಯಾಕ್ಟೀರಿಯಾವನ್ನು ಹೊಸ ತಟ್ಟೆಗೆ ಸವರಿ, ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನಿಟ್ಟು, ಯಾವುದರ ಸುತ್ತ ತಟ್ಟೆ ಖಾಲಿ ಉಳಿಯಿತು ಅಂತ ಮರುದಿನ ಅಳೆಯುತ್ತಾರೆ.