ಹಿಂದೆ ಎಷ್ಟು ಹಲ್ಲು?

ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಮಡಿಕೇರಿಯ ನನ್ನ ಸೈಕಲ್ ಶಾಪಿಗೆ ಒಂದು ಬಗೆಯ ಗಿರಾಕಿಗಳು ಬರಲು ಶುರುವಾಗುತ್ತಾರೆ. ಕೈಯಲ್ಲಿ ಹೊಸ ಸಿಂಗಲ್ ಸ್ಪೀಡ್, ಅಂದರೆ ಒಂದೇ ಗೇರಿನ, ಸೈಕಲ್. ತೆಳ್ಳಗಿನ ಟೈರು, ಹೊಳಪಿಲ್ಲದ ಕಪ್ಪು ಬಣ್ಣ. ಬರುವುದು ಮಾತ್ರ ತಳ್ಳಿಕೊಂಡು. "ಅಣ್ಣ, ಎಲ್ಲೋ ಜಾಮ್ ಆಗಿದೆ, ಬೇರಿಂಗ್ ನೋಡಿ" ಅನ್ನುತ್ತಾರೆ. ಹಿಂಚಕ್ರ ಎತ್ತಿ ತಿರುಗಿಸಿದರೆ ನಿಲ್ಲುವುದೇ ಇಲ್ಲ, ಅಷ್ಟು ಸಲೀಸು. ಬೇರಿಂಗಿಗೆ ಏನೂ ಆಗಿಲ್ಲ. ಮುಂದೆ ಪೆಡಲ್ ಹತ್ತಿರದ ಚೈನ್ ವೀಲಿಗೆ 46 ಹಲ್ಲು, ಹಿಂಚಕ್ರದ ಫ್ರೀವೀಲಿಗೆ 16. ಕಾಯಿಲೆ ಅದು.

ಕಳೆದ ವರ್ಷ ಬಂದ ಹುಡುಗನೊಬ್ಬನಿಗೆ ಬ್ಯಾಂಕಿನಲ್ಲಿ ಕೆಲಸ. ರೂಮು ತಗ್ಗಿನಲ್ಲಿ, ಬ್ಯಾಂಕು ಮೇಲೆ. ದಿನಾ ಬೆಳಿಗ್ಗೆ ಅರ್ಧ ದಾರಿ ತಳ್ಳಿ, ಬೆವರು ಒರೆಸಿಕೊಂಡು ಕೌಂಟರಿನಲ್ಲಿ ಕೂರುತ್ತಿದ್ದನಂತೆ. ಅವನೇ ಪರಿಹಾರವನ್ನೂ ಹುಡುಕಿಕೊಂಡು ಬಂದಿದ್ದ. "ಅಣ್ಣ, ಹಿಂದೆ 14 ಹಲ್ಲಿನದು ಹಾಕಿ. ಚಿಕ್ಕದಾದ್ರೆ ಹಗುರ ಆಗುತ್ತೆ ಅಲ್ವಾ?"

ನಾನು ಸ್ಪ್ಯಾನರ್ ಕೆಳಗಿಟ್ಟೆ.

ಮುಂದೆ ಚಿಕ್ಕದಾದರೆ ಹಗುರ. ಹಿಂದೆ ದೊಡ್ಡದಾದರೆ ಹಗುರ. ಇದನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತಲೆ ಆಡಿಸುತ್ತಾರೆ, ಹೊರಗೆ ಹೋಗುವಷ್ಟರಲ್ಲಿ ಮರೆತಿರುತ್ತಾರೆ. ಹಾಗಾಗಿ ಲೆಕ್ಕವನ್ನೇ ಮಾಡಿಬಿಡೋಣ. ಮುಂದಿನ ಚೈನ್ ವೀಲಿನ ಹಲ್ಲನ್ನು ಹಿಂದಿನ ಫ್ರೀವೀಲಿನ ಹಲ್ಲಿನಿಂದ ಭಾಗಿಸಿ. 46ನ್ನು 16ರಿಂದ ಭಾಗಿಸಿದರೆ 2.875. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂಚಕ್ರ ಹತ್ತಿರ ಹತ್ತಿರ ಮೂರು ಸುತ್ತು ಬರಬೇಕು. ಈ ಸೈಕಲ್‌ಗಳ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಒಂದು ಸುತ್ತು ತುಳಿದರೆ ಸೈಕಲ್ 6 ಮೀಟರ್ ಮುಂದೆ ಹೋಗಲೇಬೇಕು. ಅದೇ ಮುಂದೆ 44, ಹಿಂದೆ 22 ಇದ್ದರೆ 4.2 ಮೀಟರ್ ಹೋದರೆ ಸಾಕು.

"6 ಮೀಟರ್ ಹೋದ್ರೆ ಒಳ್ಳೇದೇ ಅಲ್ವಾ, ಸ್ಪೀಡ್ ಬರುತ್ತೆ" ಅಂತ ಆ ಹುಡುಗನೂ ಅಂದ. ಎಲ್ಲರೂ ಎಡವುವುದು ಇಲ್ಲೇ. ಹಲ್ಲಿನಲ್ಲಿ ಸ್ಪೀಡ್ ಇರುವುದಿಲ್ಲ ಮಾರಾಯ್ರೇ. ಶಕ್ತಿ ಬರುವುದು ನಿಮ್ಮ ಕಾಲಿನಿಂದ. ಆ ಶಕ್ತಿಯನ್ನು ಯಾವ ಅಳತೆಯಲ್ಲಿ ಖರ್ಚು ಮಾಡಬೇಕು ಅಂತ ಹಲ್ಲು ಹೇಳುತ್ತದೆ, ಅಷ್ಟೇ. ಪೆಡಲ್ ನಿಮಿಷಕ್ಕೆ 40 ಸುತ್ತಿಗಿಂತ ಕಡಿಮೆಯಾದರೆ ಏರಿನಲ್ಲಿ ಸೈಕಲ್ ಆಚೆ ಈಚೆ ಓಲಾಡುತ್ತದೆ, ಮಂಡಿಯ ಮೇಲೆ ಭಾರ ಬೀಳುತ್ತದೆ. ಹಿಂದೆ 16 ಇಟ್ಟುಕೊಂಡು 40 ಸುತ್ತು ತುಳಿಯಬೇಕಾದರೆ ಗಂಟೆಗೆ ಹದಿನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ ಏರು ಹತ್ತಬೇಕು. 44ಕ್ಕೆ 22 ಇದ್ದರೆ ಅದೇ 40 ಸುತ್ತಿಗೆ 10 ಕಿಲೋಮೀಟರ್ ಸಾಕು.

ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆ ಅಂದುಕೊಳ್ಳಿ. ಮಡಿಕೇರಿಯಲ್ಲಿ ಇದನ್ನು ಯಾರೂ ದೊಡ್ಡ ಏರು ಅನ್ನುವುದಿಲ್ಲ. ನೀವು, ಸೈಕಲ್, ಬ್ಯಾಗು, ಟಿಫಿನ್ ಬಾಕ್ಸ್ ಎಲ್ಲಾ ಸೇರಿ 85 ಕೆಜಿ ಇದ್ದರೆ, 46ಕ್ಕೆ 16ರಲ್ಲಿ ಆ 40 ಸುತ್ತು ತುಳಿಯಲು ಏರು ಒಂದಕ್ಕೇ ಸುಮಾರು 200 ವ್ಯಾಟ್ ಶಕ್ತಿ ಬೇಕು. 44ಕ್ಕೆ 22ರಲ್ಲಿ 140. ಅಭ್ಯಾಸ ಇರುವವರು 200 ಕೊಟ್ಟಾರು. ದಿನವಿಡೀ ಕುರ್ಚಿಯಲ್ಲಿ ಕೂರುವವರು ಒಂದೆರಡು ನಿಮಿಷ ಕೊಟ್ಟು ಇಳಿಯುತ್ತಾರೆ. ಇಳಿದು ತಳ್ಳುವಾಗ ವೇಗ ನಾಲ್ಕೋ ಐದೋ ಕಿಲೋಮೀಟರ್. ಈಗ ಹೇಳಿ, ಯಾವುದು ಸ್ಪೀಡ್?

ತಳ್ಳುವುದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ ಬಿಡಿ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹಳೇ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು) ಹತ್ತಿರ 28 ಇಂಚಿನ ಕರಿ ಸೈಕಲ್ ಇತ್ತು. ಮುಂದೆ 44, ಹಿಂದೆ 18. ಚಡಾವು ಬಂದ ಕೂಡಲೇ ಇಳಿಯುವರು, ಪಂಚೆ ಸರಿಮಾಡಿಕೊಂಡು ಮಾತಾಡುತ್ತಾ ತಳ್ಳುವರು. "ಅದಕ್ಕೂ ಸುಸ್ತಾಗುತ್ತೆ ಅಲ್ವಾ" ಅಂತ ಸೈಕಲಿನ ಸೀಟು ತಟ್ಟುವರು. ಅವರಿಗೆ ಒಂಬತ್ತೂವರೆಗೆ ಕೌಂಟರ್ ತೆರೆಯಬೇಕು ಅನ್ನುವ ಗಡಿಬಿಡಿ ಇರಲಿಲ್ಲ.

ಇಳಿಜಾರಿನ ಮಾತಿಗೆ ಬರುತ್ತೇನೆ. "22 ಹಾಕಿದ್ರೆ ಇಳಿಜಾರಲ್ಲಿ ಕಾಲು ಸುಮ್ನೆ ಗರಗರ ತಿರುಗುತ್ತೆ" ಅನ್ನುತ್ತಾರೆ. ಇಳಿಜಾರಿನಲ್ಲಿ ಯಾಕೆ ತುಳಿಯುತ್ತೀರಿ? ಫ್ರೀವೀಲ್ ಇರುವುದೇ ಅದಕ್ಕೆ. ಕಾಲು ನಿಲ್ಲಿಸಿ, ಕೈ ಬ್ರೇಕಿನ ಮೇಲಿಡಿ. ಪೆಡಲ್ ನಿಲ್ಲದ ಫಿಕ್ಸ್ಡ್ ಗೇರ್ ಹಾಕಿಕೊಡಿ ಅಂತ ಕೇಳಿದವರಿಗೆ ನಾನು ಈ ಊರಲ್ಲಿ ಹಾಕಿಕೊಟ್ಟಿಲ್ಲ, ಹಾಕುವುದೂ ಇಲ್ಲ. ಸಮತಟ್ಟಿನಲ್ಲಿ 44ಕ್ಕೆ 22 ಇಟ್ಟು ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 20 ಕಿಲೋಮೀಟರ್ ಬರುತ್ತದೆ. ಪೇಟೆಯೊಳಗೆ ಜೀಪು, ಆಟೋಗಳ ನಡುವೆ ಅದಕ್ಕಿಂತ ಜಾಸ್ತಿ ಎಲ್ಲಿ ಹೋಗುತ್ತೀರಿ?

ಹಿಂದಿನ ಕಾಲದಲ್ಲಿ ಟೂರ್ ಡಿ ಫ್ರಾನ್ಸ್ ರೇಸಿನವರ ಹತ್ತಿರವೂ ಹೆಚ್ಚು ಗೇರ್ ಇರಲಿಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹಾರಿಸುವ ಡಿರೇಲರನ್ನು ಅಲ್ಲಿ ಬಳಸಲು ಬಿಟ್ಟಿದ್ದು 1937ರಲ್ಲಿ. ಅಲ್ಲಿಯವರೆಗೆ ಹಿಂಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಮತ್ತೆ ಹತ್ತುವುದು. ಜಗತ್ತಿನ ಗಟ್ಟಿ ಕಾಲಿನವರೇ ಏರಿಗೆ ದೊಡ್ಡ ಹಲ್ಲು ಹುಡುಕಿದ್ದರು. ನಮಗೇನು ನಾಚಿಕೆ? ನಿಮ್ಮ ಹಿಂಚಕ್ರದ ನಡುವಿನ ಹಬ್‌ನ ಎರಡೂ ಬದಿಗೆ ಫ್ರೀವೀಲ್ ಕೂರುವ ಥ್ರೆಡ್ ಇದ್ದರೆ ನೀವೂ ಒಂದು ಕಡೆ 18, ಇನ್ನೊಂದು ಕಡೆ 22 ಹಾಕಿಸಬಹುದು. ದಿನಾ ತಿರುಗಿಸುವ ತಾಳ್ಮೆ ಎಷ್ಟು ಜನಕ್ಕಿದೆಯೋ ಗೊತ್ತಿಲ್ಲ.

ಹಾಗಾದರೆ ಎಷ್ಟು ಹಾಕಿಸಬೇಕು? ಮಡಿಕೇರಿಯೊಳಗೇ ಓಡಾಡುವವರಿಗೆ ನಾನು 44ಕ್ಕೆ 22ರಿಂದ ಶುರು ಮಾಡುತ್ತೇನೆ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯವರಿಗೆ 20. ಕಾವೇರಿ ದಡದ ಕುಶಾಲನಗರದವರಿಗೆ 18 ಸಾಕು, ಅಲ್ಲಿ ರಸ್ತೆ ಮಟ್ಟಸ. ಕುಶಾಲನಗರದಿಂದ ಮಡಿಕೇರಿಗೆ 30 ಕಿಲೋಮೀಟರ್ ದಿನಾ ಬರುತ್ತೇನೆ ಅನ್ನುವವರು, ಸಂಪಾಜೆ ಘಾಟಿ ಹತ್ತುತ್ತೇನೆ ಅನ್ನುವವರು ದಯವಿಟ್ಟು ಗೇರ್ ಸೈಕಲ್ ತಗೊಳ್ಳಿ. ಇವು ಅಂದಾಜು ಮಾತ್ರ. ನಿಮ್ಮ ತೂಕ, ವಯಸ್ಸು, ಹೊರುವ ಸಾಮಾನು ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಮಂಡಿ ಆಗಲೇ ನೋಯುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ, ನಾನು ಬರೀ ಸೈಕಲ್ ರಿಪೇರಿಯವನು. ನಾನು ನೋಡುವುದು ಒಂದೇ: ನಿಮ್ಮ ದಿನದ ದಾರಿಯಲ್ಲಿ ಅತಿ ಕೆಟ್ಟ ಏರು ಯಾವುದು? ಮಳೆಯಲ್ಲಿ, ಎದುರು ಗಾಳಿಯಲ್ಲಿ, ರೇನ್‌ಕೋಟ್ ಹಾಕಿಕೊಂಡು ಅದನ್ನು ಕೂತೇ ಹತ್ತಲು ಆಗಬೇಕು. ಸೀಟಿನಿಂದ ಎದ್ದು ನಿಂತು ತುಳಿಯಬೇಕಾಗಿ ಬಂದರೆ ಹಿಂದೆ ಎರಡು ಹಲ್ಲು ಜಾಸ್ತಿ ಮಾಡಿ. 18ರಿಂದ 20ಕ್ಕೆ ಹೋದರೆ ಹತ್ತು ಶೇಕಡಾ ಹಗುರ. ಮುಂದಿನದನ್ನು ಬದಲಿಸಿ ಅಷ್ಟೇ ಹಗುರ ಮಾಡಲು 44ರಿಂದ 40ಕ್ಕೆ ಇಳಿಯಬೇಕು. ಅದಕ್ಕೆ ಖರ್ಚೂ ಜಾಸ್ತಿ.

ಫ್ರೀವೀಲನ್ನು ಮನೆಯಲ್ಲಿ ಸುತ್ತಿಗೆ, ಉಳಿ ಇಟ್ಟು ಬಿಚ್ಚಬೇಡಿ. ತುಳಿದಷ್ಟೂ ಅದು ಬಿಗಿಯಾಗುತ್ತಲೇ ಹೋಗಿರುತ್ತದೆ. ಅದರ ಕಚ್ಚುಗಳಿಗೆ ಸರಿಯಾಗಿ ಕೂರುವ ಟೂಲನ್ನು ವೈಸಿನಲ್ಲಿ ಹಿಡಿದು ಇಡೀ ಚಕ್ರವನ್ನೇ ತಿರುಗಿಸಬೇಕು. 16 ತೆಗೆದು 22 ಹಾಕಿದರೆ ಹಳೇ ಚೈನ್ ಸಾಲುವುದಿಲ್ಲ, ಒಂದು ಇಂಚು ಸೇರಿಸಬೇಕು. ಸೇರಿಸಿದ ಮೇಲೂ ಚಕ್ರ ಸುಮಾರು 5 ಮಿಲಿಮೀಟರ್ ಮುಂದಕ್ಕೆ ಬರುತ್ತದೆ. ಆಗ ಬ್ರೇಕ್ ರಬ್ಬರ್ ರಿಮ್ಮಿಗೆ ಸರಿಯಾಗಿ ತಾಗುತ್ತಿದೆಯಾ ಅಂತ ನೋಡಲೇಬೇಕು. ಒದ್ದೆ ಸ್ಟೀಲ್ ರಿಮ್ಮಿನ ಮೇಲೆ ಮೊದಲೇ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಬ್ಯಾಂಕಿನ ಹುಡುಗನಿಗೆ 46ಕ್ಕೆ 22 ಹಾಕಿಕೊಟ್ಟೆ. ಒಂದು ವಾರ ಬಿಟ್ಟು ಬಂದ. ಬೆವರಿರಲಿಲ್ಲ, ಮುಖ ಮಾತ್ರ ಸಪ್ಪಗಿತ್ತು. "ಅಣ್ಣ, ಆರಾಮಾಗಿ ಹತ್ತುತ್ತೆ. ಆದ್ರೆ ಹಿಂದಿನ ಚಕ್ರದಲ್ಲಿ ಅಷ್ಟು ದೊಡ್ಡದು ಚೆನ್ನಾಗಿ ಕಾಣಲ್ಲ ಅಂತಾರೆ ಫ್ರೆಂಡ್ಸು." ಅವನ ಹಳೇ 16 ಶಾಪಿನ ಮೊಳೆಗೆ ನೇತುಹಾಕಿತ್ತು. ತೆಗೆದು ಕೈಗೆ ಕೊಟ್ಟೆ. ಮೇಜಿನ ಮೇಲೆ ಇಟ್ಟುಕೊಂಡು ನೋಡು ಅಂದೆ. ನಗುತ್ತಾ ಸೈಕಲ್ ಹತ್ತಿ ಹೋದ, ಫ್ರೀವೀಲನ್ನು ಬೆಂಚಿನ ಮೇಲೇ ಬಿಟ್ಟು.